ಓಡುವ ಬಸ್ಸಿನ ಮೇಲಿನ ನಾಗಸ್ವರ

ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಹಿಂಭಾಗಕ್ಕೆ ಕಟ್ಟಿದ ಎತ್ತರದ ಒಲೆ, ಅದರಿಂದ ಹೊಗೆ. ಇಳಿಜಾರಿನಲ್ಲಿ ಕುದುರೆಯಂತೆ ಬರುವ ಬಸ್ಸು ಏರಿನ ಬುಡದಲ್ಲಿ ಒಮ್ಮೆ ನಿಂತಿತೋ, ಮತ್ತೆ ಏಳುತ್ತಿರಲಿಲ್ಲ. ಬಾಣಸವಾಡಿಯಲ್ಲಿ ನಮ್ಮಣ್ಣನ ಮದುವೆಯ ಚಪ್ಪರ ಅಂಥ ಏರಿನ ಬುಡದಲ್ಲೇ ಇತ್ತು.

ಹೆಣ್ಣಿನ ದಿಬ್ಬಣ ಹಲಸೂರಿನಿಂದ ಬರಬೇಕಾಗಿತ್ತು. ಕರೆತರಲು ನಮ್ಮೂರಿನ ಓಲಗದಲ್ಲಿ ನಾಗಸ್ವರ ಊದುವ ಹಿರಿಯರನ್ನೇ ಅವರ ಮೇಳದೊಂದಿಗೆ ಕಳಿಸಿದ್ದೆವು. ಇತ್ತ ಚಪ್ಪರದಲ್ಲಿ ದೊಡ್ಡಪ್ಪ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದರು. ನಾಗಸ್ವರದ ಶ್ರುತಿ ಹಾರ್ಮೋನಿಯಂ ಪೆಟ್ಟಿಗೆಯ ಯಾವ ಮನೆಗೆ ಕೂಡುತ್ತದೆಂದು ಅವರ ಬೆರಳಿಗೆ ಗೊತ್ತು. ದೊಡ್ಡಪ್ಪನ ಧಾರೆಗೂ ಊದಿದವರು ಆ ಹಿರಿಯರೇ. ಹೆಣ್ಣು ಬಾಗಿಲಿಗೆ ಬರುವ ಹೊತ್ತಿಗೆ ಪೆಟ್ಟಿಗೆಯೂ ನಾಗಸ್ವರವೂ ಒಂದಾಗಬೇಕೆಂದು ಇಬ್ಬರಲ್ಲಿ ಮಾತಾಗಿತ್ತು.

ಹೊತ್ತು ಇಳಿಯುತ್ತಿತ್ತು. ರಾಗಿ ಹೊಲದ ಮೇಲೆ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಬಸ್ಸು ಕಾಣುವ ಮೊದಲೇ ಅದರ ನೆತ್ತಿಯ ಮೇಲೆ ಕೂತವರ ನಾಗಸ್ವರ ಕೇಳಿಸಿತು. ದೊಡ್ಡಪ್ಪ ಪೆಟ್ಟಿಗೆಯ ತಿದಿ ಒತ್ತಿದರು. ಎರಡು ಸ್ವರಗಳೂ ಕೂಡಲಿಲ್ಲ: ನಾಗಸ್ವರ ಒಂದೆಳೆ ಮೇಲಿತ್ತು. ಬಸ್ಸು ನಿಲ್ಲದೆ ನಮ್ಮೆದುರೇ ಹಾದು ಏರು ಹತ್ತತೊಡಗಿತು. ಹಾದ ಗಳಿಗೆಯಲ್ಲೇ ನಾಗಸ್ವರ ಜಾರಿ, ಪೆಟ್ಟಿಗೆಗಿಂತ ಕೆಳಗಿಳಿಯಿತು. ನಿದ್ದೆಯಲ್ಲಿ ಮೆಟ್ಟಿಲು ತಪ್ಪಿದಂತೆ ನನ್ನ ಎದೆಯೂ ಇಳಿಯಿತು.

ದೊಡ್ಡಪ್ಪ ಪೆಟ್ಟಿಗೆ ಮುಚ್ಚಿದರು. "ಹೆಣ್ಣು ಬಾಗ್ಲಿಗೆ ಬರೋ ಹೊತ್ನಲ್ಲಿ ಅಪಶ್ರುತಿ! ನಾಳೆ ಧಾರೆಗೆ ಈ ಮನುಷ್ಯ ಊದ್ಬಾರ್ದು. ಬೇರೆಯವ್ರನ್ನ ಕರ್ಸಿ."

ಏರಿನ ಮೇಲೆ ಬಸ್ಸು ನಿಲ್ಲಿಸಿ ಎಲ್ಲರೂ ಇಳಿದು ಬಂದಾಗ ಹಿರಿಯರಿಗೆ ಈ ಮಾತು ಮುಟ್ಟಿತು. ಧಾರೆಯ ಹಿಂದಿನ ಸಂಜೆ ಓಲಗದವರನ್ನು ವಾಪಸು ಕಳಿಸಿದರೆಂದರೆ, ಆಮೇಲೆ ಸುತ್ತಲಿನ ಊರುಗಳಲ್ಲಿ ಯಾರೂ ಅವರನ್ನು ವೀಳ್ಯ ಕೊಟ್ಟು ಮದುವೆಗೆ ಕರೆಯುವುದಿಲ್ಲ.

"ನಾನು ಇಳಿಸ್ಲಿಲ್ಲ ಯಜಮಾನ್ರೇ," ಎಂದರು.

"ನನ್ ಕಿವಿ ಕೆಟ್ಟೋಗಿದ್ಯಾ?"

"ಬಸ್ನಲ್ಲಿದ್ದೋರ್ನ ಕೇಳಿ."

ಬಸ್ಸಿನಲ್ಲಿದ್ದವರು ಒಂದೇ ಬಾಯಿಗೆ ಇಳಿಯಲಿಲ್ಲ ಎಂದರು. ಚಪ್ಪರದವರು ಇಳಿಯಿತು ಎಂದರು. ಬೀಗರು ಜಗಳವಾಡಲು ಇನ್ನೇನು ಬೇಕು?

ನಾನು ಆಗ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಿಗೆ ನಿಲ್ಲುತ್ತಿದ್ದವಳು. ಯಾರ ಮಾತನ್ನೂ ಸುಲಭಕ್ಕೆ ಒಪ್ಪುವುದಿಲ್ಲ, ನನ್ನ ಕಿವಿಯನ್ನೂ. ಎರಡೂ ಪಕ್ಷದವರು ನಿಜವನ್ನೇ ಹೇಳುತ್ತಿದ್ದರೆ ಪ್ರಶ್ನೆಯಲ್ಲೇ ಏನೋ ಐಬಿರಬೇಕು. ಮುಂದೆ ಬಂದು ಕೇಳಿದೆ:

"ದೊಡ್ಡಪ್ಪ, ಪಕ್ಕದಲ್ಲಿ ಒತ್ತು ಊದೋರು ಒಂದೇ ಸ್ವರ ಹಿಡ್ಕೊಂಡಿದ್ರಲ್ಲ, ಅದು ನಾಗಸ್ವರಕ್ಕೆ ಕೂಡಿತ್ತೋ, ಬಿಟ್ಟಿತ್ತೋ?"

ದೊಡ್ಡಪ್ಪ ಸುಳ್ಳು ಹೇಳುವವರಲ್ಲ. "ಕೂಡಿತ್ತು. ಅದೂ ಇಳೀತು."

"ಅಂದ್ರೆ ಇಬ್ರೂ ಒಂದೇ ಗಳಿಗೇಲಿ, ಒಂದೇ ಅಳತೆಗೆ ಜಾರಿದ್ರಾ?"

"ವಕೀಲಿಕೆ ಶುರು ಮಾಡಿದ್ಲು ನೋಡಿ," ಎಂದರು ಹೆಣ್ಣಿನ ಕಡೆಯ ಅಜ್ಜಿ. "ಇವಳ್ನ ಕಟ್ಕೊಂಡೋನು ದಿನಾ ಸಾಕ್ಷಿ ತಂದೇ ಊಟಕ್ಕೆ ಕೂರ್ಬೇಕು!"

ಜನ ನಕ್ಕರು. ನನ್ನ ತಲೆಯಲ್ಲಿ ಮಾತ್ರ ಮದರಾಸು ರಸ್ತೆಯ ಮಿಲಿಟರಿ ಲಾರಿಗಳು ಓಡುತ್ತಿದ್ದವು. ಕಾಲೇಜಿನ ಕಿಟಕಿಯಾಚೆ ಅವು ಹಾಯುವಾಗ ಹಾರನ್ನಿನ ಸದ್ದು ಪೇಂ ಎಂದು ಬಂದು ಪೋಂ ಎಂದು ಹೋಗುತ್ತಿತ್ತು. ನಮ್ಮನ್ನು ದಾಟಿದ ಮೇಲೆ ಡ್ರೈವರ್ ಹಾರನ್ನಿನ ರಬ್ಬರ್ ಬುರುಡೆಯ ಹಿಡಿತ ಸಡಿಲಿಸುತ್ತಾನೆಂದು ನಾನು ವಾದಿಸಿದ್ದೆ. "ಇಂಜಿನ್ ಸದ್ದೂ ಇಳಿಯುತ್ತಲ್ಲಮ್ಮ, ಅದನ್ನೂ ಹಿಸುಕ್ತಾನಾ?" ಎಂದು ಮೇಷ್ಟ್ರು ಕೇಳಿ, ಬೋರ್ಡಿನ ಮೇಲೆ ಅಲೆಗಳನ್ನು ಬರೆದಿದ್ದರು. ನಾನು ಅದನ್ನು ಬರೆದುಕೊಂಡಿದ್ದೆ, ನಂಬಿರಲಿಲ್ಲ.

ಈಗ ಅದನ್ನೇ ನನ್ನ ಮಾತಿನಲ್ಲಿ ಹೇಳಿದೆ. "ಬಸ್ಸಿಂದ ತಾಳಕ್ಕೆ ಸರಿಯಾಗಿ ಒಬ್ಬೊಬ್ಬ ಆಳು ನಿಮ್ ಕಡೆ ಓಡಿ ಬರ್ತಾನೆ ಅಂದ್ಕೊಳ್ಳಿ ದೊಡ್ಡಪ್ಪ. ಬಸ್ಸೂ ಹತ್ರ ಬರ್ತಿರತ್ತೆ, ಆಮೇಲೆ ಹೊರಟೋನಿಗೆ ದಾರಿ ಕಮ್ಮಿ. ಒಬ್ಬರ ಬೆನ್ನಿಗೊಬ್ಬರು ಒತ್ತೊತ್ತಾಗಿ ಬಂದು ಮುಟ್ತಾರೆ. ಬಸ್ಸು ದೂರ ಹೋಗುವಾಗ ಒಬ್ಬೊಬ್ಬನಿಗೂ ದಾರಿ ಜಾಸ್ತಿ, ಬಿಡಿಬಿಡಿಯಾಗಿ ಬರ್ತಾರೆ. ಸದ್ದಿನ ಅಲೆಗಳೂ ಹಾಗೇನೇ. ಒತ್ತಾಗಿ ಬಂದ್ರೆ ಸ್ವರ ಮೇಲೆ, ಬಿಡಿಯಾಗಿ ಬಂದ್ರೆ ಕೆಳಗೆ. ಊದೋರು ತಾಳ ತಪ್ಪಿಲ್ಲ."

"ಕತೆ ಚೆನ್ನಾಗಿದೆ," ಎಂದರು ದೊಡ್ಡಪ್ಪ.

"ಹಾಗಾದ್ರೆ ಅವರು ಚಪ್ಪರದಲ್ಲಿ ನಿಂತು ಊದ್ಲಿ. ನೀವು ಬಸ್ಸಲ್ಲಿ ಹಾದು ಹೋಗಿ. ಆಗ್ಲೂ ನಿಮ್ ಕಿವಿಗೆ ಮಾತ್ರ ಇಳಿದ್ರೆ?"

ಹೇಳಿಬಿಟ್ಟ ಮೇಲೆ ನನಗೆ ಅಂಜಿಕೆಯಾಯಿತು. ಬೋರ್ಡಿನ ಅಲೆಗಳು ಸುಳ್ಳಾದರೆ ನಾನು ಸೋಲುವುದು ಒಂದು ವಾದದಲ್ಲಿ. ಹಿರಿಯರಿಗೆ ನಾಳೆಯ ಧಾರೆಯಷ್ಟೇ ಅಲ್ಲ, ಮುಂದಿನ ಧಾರೆಗಳೂ ಇಲ್ಲ. ಅವರು ನನ್ನ ಮುಖ ನೋಡಿ ನಾಗಸ್ವರ ಬಾಯಿಗಿಟ್ಟುಕೊಂಡರು.

ಬಸ್ಸಿನ ಡ್ರೈವರು ದಂಡಿನ ಕಡೆಯ ಮುಸ್ಲಿಮರು, ಎಲ್ಲರ ಬಾಯಲ್ಲಿ ಸಾಹೇಬರು. ದೊಡ್ಡಪ್ಪನನ್ನೂ ನನ್ನನ್ನೂ ಹತ್ತಿಸಿಕೊಂಡು ಹಲಸೂರಿನ ಕಡೆಗೆ ಹಿಂದಿರುಗಿ, ಇಳಿಜಾರಿನ ಮೇಲ್ತುದಿಯಲ್ಲಿ ಬಸ್ಸು ತಿರುಗಿಸಿ ಬಿಟ್ಟರು. ಗಾಳಿ ಮುಖಕ್ಕೆ ಬಡಿಯಿತು. ನಾಗಸ್ವರ ನಮ್ಮ ಕಡೆಗೇ ಓಡಿ ಬಂದಂತೆ ಏರಿತು. ಚಪ್ಪರದ ಮಾವಿನೆಲೆ, ಅರಿಶಿನದ ಬಟ್ಟೆಗಳು, ಆರತಿ ತಟ್ಟೆ ಒಂದು ಬಣ್ಣದ ಗೆರೆಯಾಗಿ ಹಾದವು. ಹಾದದ್ದೇ ಸ್ವರ ಮೆಲ್ಲಗೆ ತಲೆ ತಗ್ಗಿಸಿತು.

ದೊಡ್ಡಪ್ಪ ಇಳಿದು ಬಂದವರೇ ಗುಡುಗಿದರು: "ಮತ್ತೆ ಇಳಿಸ್ದ!"

ಚಪ್ಪರವೆಲ್ಲ ನಗೆಯಲ್ಲಿ ಮುಳುಗಿತು. ಆರತಿ ತಟ್ಟೆ ಹಿಡಿದು ನಾಗಸ್ವರದ ಪಕ್ಕದಲ್ಲೇ ನಿಂತಿದ್ದ ದೊಡ್ಡಮ್ಮ ಹೇಳಿದರು: "ಒಂದ್ ಕೂದ್ಲೆಳೆ ಅಲ್ಲಾಡ್ಲಿಲ್ಲ ಕಣ್ರೀ. ಓಡಾಡಿದ್ದು ನೀವು."

 ದೊಡ್ಡಪ್ಪ ಹಿರಿಯರ ಹತ್ತಿರ ಹೋಗಿ ಎಲೆಯಡಿಕೆಯ ತಟ್ಟೆಯನ್ನು ತಾವೇ ಎತ್ತಿ ಕೊಟ್ಟರು. "ನಾಳೆ ಧಾರೆಗೆ ನೀನೇ."

"ಊದ್ತೀನಿ. ನೀವು ಮಾತ್ರ ಒಂದ್ ಕಡೆ ಕೂತ್ಕೊಂಡು ಕೇಳಿ, ಯಜಮಾನ್ರೇ."

ಕತ್ತಲು ಮುಟ್ಟುತ್ತಿತ್ತು, ಬಸ್ಸಿನ ಒಲೆಯ ಕೆಂಡ ಇನ್ನೂ ಉಸಿರಾಡುತ್ತಿತ್ತು. ದೊಡ್ಡಪ್ಪ ಡ್ರೈವರನ್ನು ಸಂಕೋಚದಿಂದ ಕೇಳಿದರು: "ಇನ್ನೊಂದ್ ಸಲ ಹೋಗೋಣ್ವಾ ಸಾಹೇಬ್ರೇ?"

"ಇದ್ದಿಲು ಇರೋವರ್ಗೂ ಹತ್ತಿ ಸಾಬ್."

ಈ ಸಲ ಹೆಂಗಸರು, ಮುದುಕರು, ಎರಡೂ ಕಡೆಯ ಬೀಗರು, ಮದುಮಗಳು ಸಹ ಹತ್ತಿದರು. ಖಾಲಿ ಚಪ್ಪರದಲ್ಲಿ ಹಿರಿಯರು ಒಬ್ಬರೇ ನಿಂತು ಊದುತ್ತಿದ್ದರು. ನಾವು ಹಾಯುವಾಗ ರಾಗ ಒಂದೆಳೆ ಏರಿ, ಒಂದೆಳೆ ಇಳಿದು, ಹೊಲಗಳ ಕಡೆಗೆ ಹೋಯಿತು.