ಇಸ್ತ್ರಿ ಅಕ್ಕನ ಬಿಸಿ ಎಣ್ಣೆ

ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ. ಕಟ್ಟಡದ ನೆಲಮಟ್ಟದಲ್ಲಿ, ಮೆಟ್ಟಿಲಿಗೆ ಅಂಟಿಕೊಂಡ ಕೋಣೆ ಅವಳ ಅಂಗಡಿ. ಅದರ ಹಿಂದಿನ ಎರಡು ಕೋಣೆ ಅವಳ ಮನೆ. ಕಂಬಳಿ ಹಾಸಿ ಮೇಲೆ ಬಿಳಿ ಬಟ್ಟೆ ಬಿಗಿದ ಉದ್ದನೆಯ ಮೇಜಿನ ಮುಂದೆ ಇಪ್ಪತ್ತೆರಡು ವರ್ಷದಿಂದ ನಿಂತವಳು. ಅಂಗಿಯ ಕಾಲರಿನ ತುದಿಯನ್ನು ಬರಿಬೆರಳಲ್ಲಿ ಒತ್ತಿ ಹಿಡಿದು, ಇಸ್ತ್ರಿಪೆಟ್ಟಿಗೆಯನ್ನು ಉಗುರಿನ ತನಕ ತಂದು ನಿಲ್ಲಿಸುತ್ತಾಳೆ. ನೋಡುವವರ ಎದೆ ಧಸಕ್ಕೆನ್ನುತ್ತದೆ. "ಸುಡಲ್ವಾ ಅಕ್ಕಾ?" ಎಂದು ಕೇಳಿದರೆ, "ನಮ್ಮಿಬ್ರಿಗೂ ಒಪ್ಪಂದ ಆಗಿದೆ. ಅದು ನನ್ನ ಸುಡಲ್ಲ, ನಾನು ಅದನ್ನ ಬೈಯಲ್ಲ" ಎನ್ನುತ್ತಾಳೆ. ಅವಳು ಬೈಯದೆ ಬಿಟ್ಟಿರುವುದು ಅದೊಂದನ್ನೇ ಎಂದು ಗಂಡ ಪಕ್ಕದಿಂದ ಸೇರಿಸುತ್ತಾನೆ. ಮಡಿಸಿದ ಬಟ್ಟೆಯ ಗಂಟುಗಳನ್ನು ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವುದು ಅವನ ಕೆಲಸ, ಹೆಂಡತಿಯನ್ನು ರೇಗಿಸುವುದು ಅವನ ಬಿಡುವು.

ಇಂಥ ಗಟ್ಟಿಗಿತ್ತಿಯನ್ನೂ ಸುಡುವ ಬೆಂಕಿ ಒಂದಿತ್ತು. ಅದು ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊತ್ತಿಕೊಳ್ಳುತ್ತಿತ್ತು.

ಆ ಹೊತ್ತಿಗೆ ಅವಳ ಒಬ್ಬಳೇ ಮಗಳು, ವಾರವಿಡೀ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಇಪ್ಪತ್ತು ವರ್ಷದ ಹುಡುಗಿ, ಹಳೆಯ ಟವೆಲೊಂದನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಮೇಲಿನ ಮನೆಯಲ್ಲಿ ಇರುವವಳು ಅವಳ ಚಿಕ್ಕಮ್ಮ, ಅಂದರೆ ಇಸ್ತ್ರಿ ಅಕ್ಕನ ಓರಗಿತ್ತಿ. ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ನರ್ಸು. ಅವಳಿಗೆ ಇಬ್ಬರು ಗಂಡುಮಕ್ಕಳು. ಎರಡು ತಲೆ ಸೇರಿಸಿದರೂ ಒಂದು ಬಾಚಣಿಗೆಗೆ ಸಾಲುವಷ್ಟು ಕೂದಲಿಲ್ಲ, ಅಷ್ಟು ಮೋಟಾಗಿ ಕತ್ತರಿಸಿಕೊಂಡು ತಿರುಗುತ್ತಾರೆ. ಹೀಗಾಗಿ ಅವಳ ಕೈಗೆ ಸಿಕ್ಕ ಒಂದೇ ತಲೆ ಇಸ್ತ್ರಿ ಅಕ್ಕನ ಮಗಳದು. ಹುಡುಗಿಗೆ ಏಳು ವರ್ಷವಿದ್ದಾಗ ಏನು ಮೋಡಿ ಮಾಡಿದಳೋ, ಅಂದಿನಿಂದ ಅವಳು ಎಣ್ಣೆಗೆಂದು ಅಮ್ಮನ ಮುಂದೆ ಕೂತವಳೇ ಅಲ್ಲ. ಇಸ್ತ್ರಿ ಅಕ್ಕನ ಲೆಕ್ಕದಲ್ಲಿ ಅದು ಕಳ್ಳತನ. ಹದಿಮೂರು ವರ್ಷದಿಂದ ಅವಳು ಆ ಕಳ್ಳಿಗೆ ಸಕ್ಕರೆ ಕೇಳಿದರೆ ಸಕ್ಕರೆ ಕೊಟ್ಟಿದ್ದಾಳೆ, ಯೂನಿಫಾರಮ್ಮಿಗೆ ಗೆರೆ ಮುರಿಯದ ಹಾಗೆ ಇಸ್ತ್ರಿ ಹಾಕಿ ಕೊಟ್ಟಿದ್ದಾಳೆ, ಮನಸ್ಸಿನಲ್ಲಿ ಮಾತ್ರ ದಿನಕ್ಕೆರಡು ಸಲ ಶಾಪ ಹಾಕಿದ್ದಾಳೆ.

ಕಳೆದ ವರ್ಷ ಹುಡುಗಿ ಗೆಳತಿಯರನ್ನು ನೋಡಿ ಕೂದಲು ನೆಟ್ಟಗೆ ಮಾಡಿಸಿಕೊಂಡು ಬಂದಳು. ಮೂರೇ ತಿಂಗಳಿಗೆ ಅದು ಪೊರಕೆಯಂತಾಗಿ, ಬಾಚಿದರೆ ತುಂಡು ತುಂಡಾಗಿ ಉದುರತೊಡಗಿತು. "ಈಗ ನನ್ನ ಹತ್ರ ಬಂದೇ ಬರ್ತಾಳೆ" ಎಂದು ಇಸ್ತ್ರಿ ಅಕ್ಕ ಕಾದಳು. ಹುಡುಗಿ ನೇರ ಮೇಲಕ್ಕೆ ಹೋದಳು. ಆರು ತಿಂಗಳಲ್ಲಿ ಕೂದಲು ಮತ್ತೆ ಮೆತ್ತಗಾಗಿ ಮಿನುಗತೊಡಗಿದಾಗ, ತಾಯಿಗೆ ಆದ ಸಂತೋಷದಲ್ಲಿ ಕಾಲುಭಾಗ ಸಂತೋಷ, ಮುಕ್ಕಾಲು ಭಾಗ ಉರಿ.

ಬಟ್ಟೆ ಕೊಡುವ ನೆಪದಲ್ಲಿ ಮೇಲೆ ಹೋಗಿ ಅವಳು ಆ ವಿದ್ಯೆಯನ್ನು ಎಷ್ಟೋ ಸಲ ನೋಡಿದ್ದಳು. ನಾಲ್ಕು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಹರಳೆಣ್ಣೆ. ಬಟ್ಟಲನ್ನು ಒಲೆಯ ಮೇಲಿಡುವುದಿಲ್ಲ, ಬಿಸಿನೀರಿನ ಪಾತ್ರೆಯೊಳಗೆ ಇಡುವುದು. ಎಣ್ಣೆ ಬೆಚ್ಚಗಾದ ಮೇಲೆ ನರ್ಸಮ್ಮ ಒಂದು ಹನಿಯನ್ನು ಮೊಣಕೈಯ ಒಳಮಡಿಕೆಗೆ ಬಿಟ್ಟುಕೊಂಡು ಕಣ್ಣು ಮುಚ್ಚಿ ನೋಡುತ್ತಾಳೆ, ಕೂಸಿನ ಸ್ನಾನದ ನೀರು ನೋಡಿದ ಹಾಗೆ. ಆಮೇಲೆ ಬೈತಲೆ ಬೈತಲೆಯಾಗಿ ಕೂದಲು ಬಿಡಿಸಿ, ಬೆರಳ ತುದಿಯಿಂದ ಬುಡಕ್ಕೆ ತಿಕ್ಕಿ, ತುದಿಗೆ ಸವರಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಸುತ್ತಿ ಅರ್ಧ ಗಂಟೆ ಕೂರಿಸುತ್ತಾಳೆ. ಮೊಣಕೈಯ ಹನಿ ಕಂಡರೆ ಇಸ್ತ್ರಿ ಅಕ್ಕನಿಗೆ ನಗು. ನರ್ಸಲ್ಲವೇ, ನಾಟಕ ಬೇಡವೇ! ಟವೆಲಂತೂ ಐದು ನಿಮಿಷಕ್ಕೆ ತಣ್ಣಗಾಗುತ್ತಿತ್ತು. ಬಿಸಿಯ ವಿಷಯದಲ್ಲಿ ತನಗೆ ಪಾಠ ಹೇಳುವವರು ಈ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡು ಕೆಳಗಿಳಿಯುತ್ತಿದ್ದಳು. ಕೆಳಗಿಳಿದ ಮೇಲೆ ಆ ಅರ್ಧ ಗಂಟೆ ಮೇಲಿನಿಂದ ಇಬ್ಬರ ನಗು ಕೇಳುತ್ತಿತ್ತು. ಎಣ್ಣೆ ಹಚ್ಚಿಕೊಳ್ಳುವುದರಲ್ಲಿ ಅಷ್ಟು ನಗುವಂಥದ್ದೇನಿದೆ ಎಂದು ಅವಳಿಗೆ ಒಮ್ಮೆಯೂ ತಿಳಿಯಲಿಲ್ಲ.

ಹೀಗಿರುವಾಗ ಒಂದು ಶನಿವಾರ ಗಂಡ ಸುದ್ದಿ ತಂದ. "ನಾಳೆ ಮೇಲಿನವಳಿಗೆ ಹಗಲು ಡ್ಯೂಟಿಯಂತೆ. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡು ಕೂತ್ಬಿಡಬೇಡ ಮತ್ತೆ."

"ನಂಗ್ಯಾಕೆ ಅದೆಲ್ಲ" ಎಂದಳು ಇಸ್ತ್ರಿ ಅಕ್ಕ. ಸಂಜೆಯೊಳಗೆ ಅದೇ ಎಣ್ಣೆ, ಅದೇ ಹರಳೆಣ್ಣೆ, ಹೊಸ ಟವೆಲು ಎರಡು, ಅಗಲ ಹಲ್ಲಿನ ಬಾಚಣಿಗೆ ಒಂದು ಮನೆಗೆ ಬಂದಿದ್ದವು. ಭಾನುವಾರಕ್ಕೆ ಒಪ್ಪಿಕೊಂಡಿದ್ದ ಒಂದು ಗಂಟು ಅಂಗಿಗಳನ್ನು "ಸೋಮವಾರ ಬನ್ನಿ" ಎಂದು ವಾಪಸ್ಸು ಕಳಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಗಿರಾಕಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಬೆಳಿಗ್ಗೆ ಮಗಳನ್ನು ಕೇಳುವ ಹೊತ್ತಿಗೆ ಮಾತ್ರ ಗಟ್ಟಿಗಿತ್ತಿ ಮಡಿಸಿಟ್ಟ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದಳು. "ಮೇಲೆ ಹೇಗೂ ಯಾರೂ ಇಲ್ವಲ್ಲ. ನಾನೇ ಹಚ್ಚಲಾ?"

ಹುಡುಗಿ ಅಮ್ಮನ ಮುಖ ನೋಡಿದಳು, ಹೊಸ ಟವೆಲುಗಳನ್ನು ನೋಡಿದಳು. "ಆಯ್ತು, ಹಚ್ಚು" ಎಂದು ಮಣೆ ಎಳೆದುಕೊಂಡು ಕೂತಳು.

ಆ ಬೆನ್ನು, ಆ ಇಳಿಬಿಟ್ಟ ಕೂದಲು ಹದಿಮೂರು ವರ್ಷದ ಮೇಲೆ ತನ್ನ ಎರಡು ಮೊಣಕಾಲುಗಳ ನಡುವೆ ಬಂದು ಕೂತದ್ದನ್ನು ಕಂಡು ಇಸ್ತ್ರಿ ಅಕ್ಕನಿಗೆ ಅಳುವೇ ಬಂತು. ತಡೆದುಕೊಂಡಳು, ಇವತ್ತು ಗೆಲ್ಲಬೇಕಿತ್ತು. ಬಿಸಿನೀರಿನಿಂದ ಬಟ್ಟಲು ತೆಗೆದು ಎಣ್ಣೆಯಲ್ಲಿ ಬೆರಳದ್ದಿದಳು. ತಣ್ಣಗಿತ್ತು. ನೀರನ್ನು ಮತ್ತೆ ಕುದಿಸಿ ಬಟ್ಟಲಿಟ್ಟಳು. ಮತ್ತೆ ಬೆರಳದ್ದಿದಳು. ಉಗುರುಬೆಚ್ಚಗೂ ಇಲ್ಲ. ಮೇಲಿನವಳ ಹಾಗೆ ಅರೆಬರೆ ಕೆಲಸ ತನಗೆ ಆಗದು ಎಂದುಕೊಂಡು ಈ ಸಲ ಬಟ್ಟಲನ್ನೇ ಒಲೆಯ ಮೇಲಿಟ್ಟಳು. ಬೆರಳಿಗೆ ಹಿತವಾದ ಬಿಸಿ ಸಿಕ್ಕಿದಾಗ ಇಳಿಸಿ, ನೆತ್ತಿಗೆ ಒಂದು ಚಮಚ ಸುರಿದಳು.

ಹುಡುಗಿಯ ಎರಡೂ ಭುಜ ಕಿವಿಯ ತನಕ ಏರಿದವು. ಹಿತವಾಯಿತೇನೋ ಎಂದುಕೊಂಡು ತಾಯಿ ಇನ್ನೊಂದು ಚಮಚ ಸುರಿದಳು. ತಿಕ್ಕಿದಳು, ಸವರಿದಳು, ಹಬೆಯಾಡುವ ಟವೆಲನ್ನು ಹಿಂಡಿ ಬಿಗಿಯಾಗಿ ಸುತ್ತಿದಳು. ಬಾಯಿಗೆ ಬಿಡುವೇ ಇರಲಿಲ್ಲ. "ನಿನ್ನ ಚಿಕ್ಕಮ್ಮನ ಟವೆಲ್ಲು ಇಷ್ಟು ಬಿಸಿ ಇರುತ್ತಾ? ಇರುತ್ತಾ ಹೇಳು? ಅವಳಿಗೇನು ಗೊತ್ತು ಬಿಸಿ ಅಂದ್ರೆ."

"ಇರಲ್ಲ, ಅಮ್ಮ" ಎಂದಳು ಹುಡುಗಿ. ಧ್ವನಿ ಸಣ್ಣಗಿತ್ತು.

ನಗು ಯಾಕೆ ಬರಲಿಲ್ಲ ಎಂದು ನೋಡಲು ತಾಯಿ ಮುಂದೆ ಬಗ್ಗಿದಳು. ಮಗಳ ಕಣ್ಣಿನಿಂದ ನೀರು ಸುಮ್ಮನೆ ಇಳಿಯುತ್ತಿತ್ತು. ಕಿವಿಯ ಹಿಂದೆ ಎಣ್ಣೆ ಹರಿದ ದಾರಿಯುದ್ದಕ್ಕೂ ಚರ್ಮ ಕೆಂಪಾಗಿತ್ತು. ಇಸ್ತ್ರಿ ಅಕ್ಕ ಟವೆಲು ಕಿತ್ತೆಸೆದಳು; ಬೈತಲೆಯೂ ಕೆಂಪು. ತಣ್ಣೀರು ತಂದು ಸುರಿದು, ಮತ್ತೆ ತಂದು ಸುರಿದು, ಏದುಸಿರು ಬಿಡುತ್ತಾ ಕೇಳಿದಳು: "ಸುಡುತ್ತೆ ಅಂತ ಯಾಕೆ ಬಾಯಿ ಬಿಡ್ಲಿಲ್ಲ ನೀನು? ಬಾಯಿಗೇನು ಬೀಗ ಹಾಕಿತ್ತಾ?"

"ಹಿಂದೆ ಒಂದ್ಸಲ ಹೇಳಿದ್ದೆನಲ್ಲಮ್ಮ."

"ಯಾವತ್ತು?"

"ಎರಡನೇ ಕ್ಲಾಸಲ್ಲಿದ್ದಾಗ. ಪ್ರತಿ ಸಲ ಸುಡ್ತಿತ್ತು. ಒಂದಿನ ತಡೀಲಾರದೆ, ಅಮ್ಮ ಸುಡುತ್ತೆ, ನಿನ್ನ ಕೈಲಿ ಬೇಡ, ಚಿಕ್ಕಮ್ಮನೇ ಹಚ್ಚಲಿ ಅಂದೆ. ನೀನು ಬಟ್ಟಲು ಕುಕ್ಕಿ, ಹಾಗಾದ್ರೆ ಅವಳ ಹತ್ರಾನೇ ಹೋಗು, ಮತ್ತೆ ನನ್ನ ಮುಂದೆ ತಲೆ ಬಿಚ್ಕೊಂಡು ಬರಬೇಡ ಅಂದೆ. ನಾನು ಹೋದೆ." ಹುಡುಗಿ ಮೂಗು ಒರೆಸಿಕೊಂಡಳು. "ಇವತ್ತು ನೀನೇ ಕರೆದೆ. ಸುಡುತ್ತೆ ಅಂದ್ರೆ ಮತ್ತೆ ಹೋಗು ಅಂತೀಯೇನೋ ಅಂತ ಸುಮ್ನಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವರಿಗೆ ಹೋಗುತ್ತದೆ ನಿಜ, ಕೇಳಿಸಿಕೊಂಡವರಲ್ಲಿ ಉಳಿಯುತ್ತದೆ. ಇಸ್ತ್ರಿ ಅಕ್ಕನಿಗೆ ಆ ದಿನ, ಆ ಬಟ್ಟಲು, ಆ ಮಾತು ಯಾವುದೂ ನೆನಪಿರಲಿಲ್ಲ. ಆದರೆ ಅದು ತನ್ನದೇ ಮಾತು ಎಂಬುದರಲ್ಲಿ ಅನುಮಾನವೂ ಇರಲಿಲ್ಲ. ಅಂಥ ಮಾತು ಅವಳು ವಾರಕ್ಕೆ ಹತ್ತು ಆಡುತ್ತಾಳೆ. ಕೈಯಾರೆ ಕೊಟ್ಟು ಕಳಿಸಿದ್ದನ್ನು ಕದ್ದರು ಎಂದು ಹದಿಮೂರು ವರ್ಷ ಮನಸ್ಸಿನಲ್ಲೇ ಕೂಗಾಡಿದ ಹಾಗಾಯಿತು. ಕುಸಿದು ಕೂತು, ತನ್ನ ಬೆರಳುಗಳನ್ನು ಬಟ್ಟಲಿನ ಎಣ್ಣೆಯಲ್ಲಿ ಅದ್ದಿ ಅದ್ದಿ ನೋಡಿದಳು. ಅವು ಅವಳಿಗೆ ಈಗಲೂ ಏನೂ ಹೇಳಲಿಲ್ಲ.

ಸಂಜೆ ನರ್ಸಮ್ಮ ಡ್ಯೂಟಿ ಮುಗಿಸಿ ಬಂದವಳೇ ವಿಷಯ ತಿಳಿದು, ಬ್ಯಾಗು ಕೂಡ ಇಳಿಸದೆ ಹುಡುಗಿಯ ತಲೆ ನೋಡಿದಳು. "ಬೊಬ್ಬೆ ಬಂದಿಲ್ಲ, ನಾಲ್ಕು ದಿನಕ್ಕೆ ಹೋಗುತ್ತೆ" ಎಂದು ಮುಲಾಮು ಹಚ್ಚಿದಳು. ಆ ಬೆರಳುಗಳು ತನ್ನ ಮಗಳ ಬೈತಲೆಯ ಮೇಲೆ ಹಗುರವಾಗಿ ಓಡಾಡುವುದನ್ನು ಇಸ್ತ್ರಿ ಅಕ್ಕ ಬಾಗಿಲಿಗೆ ಒರಗಿ ನೋಡಿದಳು. ಅಷ್ಟೆಲ್ಲ ಆದ ಮೇಲೂ ಹೊಟ್ಟೆ ಉರಿಯಿತು. ಉರಿಯುವುದಕ್ಕೆ ಅದಕ್ಕೆ ನಾಚಿಕೆ ಎಲ್ಲಿದೆ?

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು. "ನನ್ನ ಕೈಗೆ ಬಿಸಿ ಗೊತ್ತಾಗಲ್ಲ ಅಂತ?"

ನರ್ಸಮ್ಮ ಮುಲಾಮಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಗೊತ್ತಿತ್ತು ಅಕ್ಕಾ. ಅವಳು ಮೊದಲನೇ ಸಲ ಮೇಲೆ ಬಂದಾಗ ನೆತ್ತಿ ನೋಡ್ತಾನೇ ಗೊತ್ತಾಯ್ತು. ಮೊಣಕೈಲಿ ನೋಡ್ಕೊಳ್ಳಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು." ತಲೆ ತಗ್ಗಿಸಿದಳು. "ಹೇಳಿದ್ರೆ ಅವಳು ನಿಮ್ಮ ಹತ್ರ ವಾಪಸ್ ಬಂದ್ಬಿಡ್ತಾಳಲ್ಲ. ನಂಗೆ ಹೊಟ್ಟೆಕಿಚ್ಚು. ನಿಮಗೆ ಹೆಣ್ಣು ಹುಟ್ತು, ನನಗೆ ಹುಟ್ಲಿಲ್ಲ."

ಇಸ್ತ್ರಿ ಅಕ್ಕನ ನಾಲಿಗೆಯಲ್ಲಿ ನೂರು ಬೈಗುಳ ಸಾಲಾಗಿ ನಿಂತವು. ಒಂದೂ ಹೊರಗೆ ಬರಲಿಲ್ಲ. ತನ್ನ ಮೇಲೆ ಹೊಟ್ಟೆಕಿಚ್ಚು ಪಡುವವರೂ ಲೋಕದಲ್ಲಿ ಇದ್ದಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಊಟ ಮಾಡ್ಕೊಂಡೇ ಹೋಗು. ಮುಖ ನೋಡು, ಬಾಡಿ ಹೋಗಿದೆ" ಎಂದು ಒಳಗೆ ಹೋದಳು.

ಎರಡು ವಾರ ಯಾರೂ ಎಣ್ಣೆಯ ಸುದ್ದಿ ಎತ್ತಲಿಲ್ಲ. ಮೂರನೆಯ ಭಾನುವಾರ ಹತ್ತು ಗಂಟೆಗೆ ಹುಡುಗಿ ಹಳೆಯ ಟವೆಲು ಹೆಗಲಿಗೆ ಹಾಕಿಕೊಂಡು ಬಂದವಳು ಮೆಟ್ಟಿಲ ಕಡೆ ತಿರುಗದೆ ಮಣೆ ಎಳೆದುಕೊಂಡು ಅಮ್ಮನ ಮುಂದೆ ಕೂತಳು. ಮೇಲಿನಿಂದ ನರ್ಸಮ್ಮ, "ಬರ್ತೀಯೇನೇ?" ಎಂದು ಕೂಗಿದಳು. "ಇವತ್ತು ಕೆಳಗೆ, ಚಿಕ್ಕಮ್ಮ" ಎಂದಿತು ಉತ್ತರ. ಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ. ಇಸ್ತ್ರಿ ಅಕ್ಕನಿಗೆ ಖುಷಿಯಾಯಿತು. ಸುಳ್ಳೇಕೆ, ತುಂಬ ಖುಷಿಯಾಯಿತು. ಮೇಲಿನ ಆ ಮೌನ ಎಂಥದ್ದೆಂದು ತನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂಬುದು ಆಮೇಲೆ ಹೊಳೆದು, ಖುಷಿ ಅರ್ಧಕ್ಕೆ ನಿಂತಿತು.

ಬಟ್ಟಲನ್ನು ಬಿಸಿನೀರಿನಿಂದ ತೆಗೆದು, ಮೊಣಕೈಗೆ ಹನಿ ಬಿಟ್ಟು ನೋಡುವ ಬದಲು ಮಗಳ ಮುಂದೆ ಹಿಡಿದಳು. ಹುಡುಗಿ ಬೆರಳದ್ದಿ, "ಬಿಸಿ ಇದೆ, ಅಮ್ಮ" ಎಂದಳು.

'ಏನು ಬಿಸಿ, ನಿನ್ನ ತಲೆ' ಎಂಬ ಮಾತು ಹಲ್ಲಿನ ತನಕ ಬಂದಿತ್ತು; ನುಂಗಿಕೊಂಡಳು. "ಆರಲಿ" ಎಂದು ಬಟ್ಟಲು ಕೆಳಗಿಟ್ಟು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು. ಕೈ ಖಾಲಿ ಇಟ್ಟುಕೊಂಡು ಕೂತು ಅಭ್ಯಾಸವಿಲ್ಲದವಳು. ಎರಡು ಸಲ ಕೇಳಿದಳು, ಎರಡು ಸಲವೂ "ಇನ್ನೂ ಇದೆ" ಎಂದಳು ಹುಡುಗಿ.

"ನೋಡು" ಎಂದಳು ತಾಯಿ, ಮಗಳ ಬೆನ್ನಿಗೆ. "ನಂಗೆ ಮೂಗಿನ ತುದೀಲೇ ಸಿಟ್ಟು. ಅದು ಈ ಜನ್ಮಕ್ಕೆ ಹೋಗಲ್ಲ. ಇನ್ನೊಂದಿನ ಬಾಯಿ ಜಾರಿ ಹೋಗು ಅಂದ್ರೂ ಅಂದೇನು. ನಾನು ಹೋಗು ಅಂದ್ರೂ ನೀನು ಹೋಗ್ಬೇಡ."

ಹುಡುಗಿ ಮತ್ತೊಮ್ಮೆ ಬೆರಳದ್ದಿ, "ಈಗ ಸರಿಯಾಗಿದೆ, ಹಚ್ಚು" ಎಂದು ತಲೆ ಹಿಂದಕ್ಕೆ ಒರಗಿಸಿದಳು. ಇಸ್ತ್ರಿ ಅಕ್ಕನ ಬೆರಳಿಗೆ ಆ ಎಣ್ಣೆ ನಲ್ಲಿನೀರಿನಷ್ಟು ತಣ್ಣಗಿತ್ತು. ಮಗಳ ಮಾತನ್ನು ನಂಬಿ ಅವಳು ಹಚ್ಚಿದಳು.