ಮೂರನೇ ಸೀಟಿನ ಕೀಬೋರ್ಡ್

ಕಳೆದ ವಾರ ಮೇಷ್ಟ್ರ ಹೆಂಡತಿ ನಜರ್‌ಬಾದಿನ ನಮ್ಮ ಮನೆಗೆ ಬಂದು ಒಂದು ಬಟ್ಟೆಯ ಚೀಲ ಕೊಟ್ಟರು. ಒಳಗೆ ಹಳೆಯ ಕೀಬೋರ್ಡ್ ಒಂದು, ಗೆರೆ ಹಾಕಿದ ನೋಟ್‌ಬುಕ್ ಒಂದು. "ಅಟ್ಟ ಖಾಲಿ ಮಾಡ್ತಿದ್ದೆ ಕಣಮ್ಮ. ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ನಿನ್ನ ಹತ್ರ ಆದ್ರೆ ಚೊಕ್ಕಟವಾಗಿರುತ್ತೆ ಅಂತ ತಂದ್ಬುಟ್ಟೆ" ಎಂದರು. ಕೀಬೋರ್ಡಿನ ಮೂಲೆಯಲ್ಲಿ ಬಿಳಿ ಪೇಂಟಿನಲ್ಲಿ ಬರೆದ ಮೂರು. ಕೀಗಳ ಸಂದಿಯಲ್ಲಿ ಕುಂಕುಮ. ಮೂಗಿನ ಹತ್ತಿರ ಹಿಡಿದರೆ ಕರ್ಪೂರದ ವಾಸನೆ ಬಂದಂತಾಯಿತು. ಇಷ್ಟು ವರ್ಷದ ಮೇಲೆ ಎಲ್ಲಿಂದ ಬರಬೇಕು… ಆದರೂ ಬಂತು.

ಮೇಷ್ಟ್ರು ಅಗ್ರಹಾರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ನಾನು ಅಲ್ಲೇ ಕಲಿತು, ಮದುವೆಯಾದ ಮೇಲೂ ಬೆಳಗಿನ ಬ್ಯಾಚಿಗೆ ಅಲ್ಲೇ ಕಲಿಸುತ್ತಿದ್ದೆ. ಪರೀಕ್ಷೆಗಳು ಟೈಪ್‌ರೈಟರ್ ಬಿಟ್ಟು ಕಂಪ್ಯೂಟರಿಗೆ ಬಂದಾಗ ನಮ್ಮ ಕುತ್ತಿಗೆಗೆ ಬಂತು. ಒಂದೇ ಹೊತ್ತಿಗೆ ನಾಲ್ಕು ಜನ ಬೇರೆ ಬೇರೆ ಸೀಟಿನಲ್ಲಿ ಕೂತು ಬರೆಯುವಂತಿದ್ದರೆ ಮಾತ್ರ ಪರೀಕ್ಷಾ ಕೇಂದ್ರ ಉಳಿಯುತ್ತದೆ ಎಂದು ಕಾಗದ ಬಂತು. ಕೇಂದ್ರ ಹೋದರೆ ವಿದ್ಯಾರ್ಥಿಗಳು ಹೋದಂತೆ, ಇನ್‌ಸ್ಟಿಟ್ಯೂಟೂ ಹೋದಂತೆ. ನಮ್ಮಲ್ಲಿದ್ದದ್ದು ಒಂದೇ ಕಂಪ್ಯೂಟರ್. ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟ ದೊಡ್ಡ, ಗಟ್ಟಿ ಮಷೀನು.

ಮೇಷ್ಟ್ರು ಹೆದರಲಿಲ್ಲ. ಅರವತ್ತು ದಾಟಿದ ಮನುಷ್ಯ, ಕನ್ನಡಕ ಹಣೆಗೇರಿಸಿಕೊಂಡು ಕೂತು, ಆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಎಬ್ಬಿಸಿದರು. ಬರೀ ಸಾಫ್ಟ್‌ವೇರಿನದು, ಕೈಗೆ ಸಿಗುವಂಥದ್ದಲ್ಲ. ವರ್ಚುಯಲ್ ಮಷೀನ್ ಅನ್ನುತ್ತಾರಂತೆ. ಅವರು 'ಒಳಗಿನ ಮಷೀನು' ಅನ್ನುತ್ತಿದ್ದರು. ಹುಡುಗರು ಅದನ್ನು ಏನೇ ಕೆಡಿಸಿದರೂ ಹೊರಗಿನದಕ್ಕೆ ಧಕ್ಕೆಯಿಲ್ಲ; ಕೆಟ್ಟದ್ದನ್ನು ಎಸೆದು, ಎತ್ತಿಟ್ಟ ನಕಲನ್ನು ಮತ್ತೆ ಕೂರಿಸಿದರಾಯಿತು. ಆ ಒಳಗಿನ ಮಷೀನಿಗೇ ನಾಲ್ಕು ಪರದೆ, ನಾಲ್ಕು ಕೀಬೋರ್ಡ್, ನಾಲ್ಕು ಸೀಟು.

"ವಠಾರ ಇದ್ದಂಗೆ ಕಣಮ್ಮ" ಎಂದು ನನಗೆ ವಿವರಿಸಿದ್ದರು. "ಮನೆ ಒಂದೇ, ಸಂಸಾರ ನಾಲ್ಕು. ಯಾರ ಕಾಗದ ಯಾರ ಬಾಗಿಲಿಗೆ ಅಂತ ಪೋಸ್ಟ್‌ಮ್ಯಾನ್‌ಗೆ ಗೊತ್ತಿದ್ರೆ ಸಾಕು."

ಅದು ಗೊತ್ತಾಗುವಂತೆ ಮಾಡುವುದೇ ಕಷ್ಟದ ಕೆಲಸವಾಗಿತ್ತು. ನಾಲ್ಕು ಕೀಬೋರ್ಡೂ ಒಂದೇ ಕಂಪನಿಯವು, ಒಂದೇ ಮುಖದವು. ಯಾವುದು ಯಾವ ಸೀಟಿನದು ಎಂದು ಮಷೀನಿಗೆ ತಿಳಿಯುತ್ತಿದ್ದದ್ದು ಅದನ್ನು ಹಿಂದುಗಡೆ ಯಾವ ಪೋರ್ಟಿಗೆ ಚುಚ್ಚಿದೆ ಎನ್ನುವುದರಿಂದ ಮಾತ್ರ. ಮೊದಮೊದಲು ಒಬ್ಬರು ಹೊಡೆದ ಅಕ್ಷರ ಇನ್ನೊಬ್ಬರ ಪರದೆಯಲ್ಲಿ ಬೀಳುತ್ತಿತ್ತು, ಒಮ್ಮೊಮ್ಮೆ ಎಲ್ಲಿಯೂ ಬೀಳುತ್ತಿರಲಿಲ್ಲ. ತಿಂಗಳುಗಟ್ಟಲೆ ತಿಣುಕಿ, ಕೊನೆಗೆ ಒಂದು ದಿನ ನಾಲ್ಕು ವಿದ್ಯಾರ್ಥಿಗಳನ್ನು ಕೂರಿಸಿ ಅವರವರ ತಾಯಿಯ ಹೆಸರು ಹೊಡೆಯಲು ಹೇಳಿದರು. ನಾಲ್ಕು ಹೆಸರು ನಾಲ್ಕು ಪರದೆಯಲ್ಲಿ ಸರಿಯಾಗಿ ಮೂಡಿತು. ಮೇಷ್ಟ್ರು ಎದ್ದು ಹೋಗಿ ಎಲ್ಲರಿಗೂ ಮೈಸೂರು ಪಾಕ್ ತಂದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಆಮೇಲೆ ನೋಡಲಿಲ್ಲ…

ಪರೀಕ್ಷಾ ಕೇಂದ್ರದ ತಪಾಸಣೆ ವಿಜಯದಶಮಿಯ ಮಾರನೇ ದಿನಕ್ಕೆ ನಿಗದಿಯಾಗಿತ್ತು. ಆಯುಧಪೂಜೆಯ ಬೆಳಿಗ್ಗೆ ಮೇಷ್ಟ್ರು ಹೂವು, ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋದರು. ಒರೆಸುವ ಕೆಲಸ ನನ್ನದು. ನನ್ನ ಶುಚಿಯ ಹುಚ್ಚು ಇಡೀ ಬೀದಿಗೆ ಗೊತ್ತು. ಧೂಳು ಕಂಡರೆ ಮೈ ಪರಚಿಕೊಳ್ಳುವ ಹೆಂಗಸು ನಾನು. ಪರದೆಯ ವೈರುಗಳಿಗೆ ಸ್ಕ್ರೂ ಇತ್ತು, ಬಿಟ್ಟೆ. ಕೀಬೋರ್ಡುಗಳನ್ನು ಮಾತ್ರ ಕಿತ್ತು, ಬೋರಲು ಹಾಕಿ ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮಷೀನನ್ನು ಗೋಡೆಯಿಂದ ಈಚೆಗೆಳೆದು ಬೆನ್ನನ್ನೂ ತಿಕ್ಕಿದೆ. ಪೋರ್ಟುಗಳ ಪಕ್ಕ ಸಣ್ಣದಾಗಿ ಪೆನ್ಸಿಲಿನ ಗೀಟುಗಳಿದ್ದವು. ಕೊಳೆ ಅಂದುಕೊಂಡೆ. ಚೊಕ್ಕಟವಾಗಿ ಹೋಯಿತು. ಆಮೇಲೆ ವೈರುಗಳನ್ನು ಕೈಗೆ ಬಂದಂತೆ ಚುಚ್ಚಿದೆ.

ಪೂಜೆಯಾಯಿತು. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ. ಮಾರನೇ ದಿನ ಜಂಬೂಸವಾರಿ. ಸುತ್ತಲ ಬೀದಿಗಳಿಗೆಲ್ಲ ಬ್ಯಾರಿಕೇಡ್, ನಮ್ಮ ಬಾಗಿಲು ತೆಗೆಯುವ ಮಾತೇ ಇಲ್ಲ. ಹೀಗಾಗಿ ಮಷೀನನ್ನು ಮತ್ತೆ ಆನ್ ಮಾಡಿದ್ದು ತಪಾಸಣೆಯವರ ಎದುರಿಗೇ.

ಒಂದನೇ ಸೀಟಿನ ಹುಡುಗಿ ಹೊಡೆದದ್ದು ಮೂರನೇ ಪರದೆಯಲ್ಲಿ ಬಂತು. ಮೂರನೆಯವಳದು ನಾಲ್ಕರಲ್ಲಿ. ಬಂದಿದ್ದ ಇಬ್ಬರು ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಮೇಷ್ಟ್ರು ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, "ವೈರ್ ಏನಾದ್ರೂ ಕಿತ್ತಿದ್ಯೇನಮ್ಮಾ?" ಎಂದರು.

"ಇಲ್ಲ ಸಾರ್" ಎಂದೆ.

ಆ ಪೆನ್ಸಿಲ್ ಗೀಟುಗಳು ಸೀಟುಗಳ ಗುರುತು ಎಂದು ಆಗಲೇ ನನಗೆ ಅರ್ಥವಾಗಿಬಿಟ್ಟಿತ್ತು. ಆದರೂ ಇಲ್ಲ ಎಂದೆ. ಅಧಿಕಾರಿಗಳಿದ್ದರು, ನನ್ನ ಕೈಕೆಳಗೆ ಕಲಿಯುವ ಹುಡುಗಿಯರಿದ್ದರು, ಅವರೆದುರು ದಡ್ಡಿ ಅನ್ನಿಸಿಕೊಳ್ಳಲು ನಾಚಿಕೆಯಾಯಿತು. ಹೌದು ಅಂದಿದ್ದರೆ ಹತ್ತು ನಿಮಿಷದ ಕೆಲಸ, ವೈರುಗಳನ್ನು ಅದಲು ಬದಲು ಮಾಡಿ ನೋಡಿದ್ದರೆ ಮುಗಿಯುತ್ತಿತ್ತು. ಮೇಷ್ಟ್ರು ನನ್ನ ಮಾತು ನಂಬಿದರು. ವೈರು ಸರಿಯಿದ್ದರೆ ದೋಷ ಒಳಗೇ ಇರಬೇಕು ಎಂದು ಒಳಗಿನ ಮಷೀನನ್ನು ಎಸೆದು ನಕಲನ್ನು ಕೂರಿಸಿದರು. ಅದೂ ಹಾಗೇ. ಬೆವರುತ್ತಾ ಸೀಟುಗಳ ವ್ಯವಸ್ಥೆಯನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದರು. ಕೊನೆಗೆ ಯಾವ ಪರದೆಯಲ್ಲೂ ಒಂದಕ್ಷರ ಮೂಡಲಿಲ್ಲ. ಅಧಿಕಾರಿಗಳು ಎರಡು ಸಲ ಕಾಫಿ ಕುಡಿದರು, ಏನೋ ಬರೆದುಕೊಂಡರು, ಹೋದರು.

ಆ ಯುಗಾದಿಯ ಹೊತ್ತಿಗೆ ಇನ್‌ಸ್ಟಿಟ್ಯೂಟಿನ ಬೋರ್ಡು ಇಳಿಯಿತು. ನಾನು ಕುಂಬಾರಕೊಪ್ಪಲಿನ ಒಂದು ಕಡೆ ಕೆಲಸಕ್ಕೆ ಸೇರಿಕೊಂಡೆ. ಆಮೇಲೆ ಮೇಷ್ಟ್ರು ಮಾರ್ಕೆಟ್ಟಿನಲ್ಲಿ ಎರಡು ಮೂರು ಸಲ ಸಿಕ್ಕಿದ್ದರು. ಪ್ರತಿ ಸಲವೂ ಚೀಲ ಕೆಳಗಿಟ್ಟು, "ಚೆನ್ನಾಗಿದೀಯೇನಮ್ಮಾ?" ಎಂದು ನಿಲ್ಲುತ್ತಿದ್ದರು. ನಾನು ಬಸ್ಸಿನ ನೆವ ಹೇಳಿ ಓಡುತ್ತಿದ್ದೆ. ಅವರು ಹಾಸಿಗೆ ಹಿಡಿದಾಗಲೂ ನೋಡಲು ಹೋಗಲಿಲ್ಲ. ಪಾಪ, ಅವರಿಗೆ ಗೊತ್ತೇ ಇಲ್ಲವಲ್ಲ, ಗೊತ್ತಿಲ್ಲದೆ ಹೋಗುವುದೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಾಗಂದುಕೊಂಡೇ ಇಷ್ಟು ವರ್ಷ ಉಂಡೆ, ಮಲಗಿದೆ.

ಮೇಷ್ಟ್ರ ಹೆಂಡತಿ ಅವತ್ತು ಕಾಫಿ ಕುಡಿದು ಹೋದ ಮೇಲೆ ನೋಟ್‌ಬುಕ್ ಬಿಚ್ಚಿದೆ. ತುಂಬ ಅವರ ದುಂಡನೆಯ ಅಕ್ಷರ. ಯಾವ ಸೀಟಿಗೆ ಯಾವ ಪೋರ್ಟು, ಮೊದಲು ಏನು ಮಾಡಬೇಕು, ಆಮೇಲೆ ಏನು… ಎಲ್ಲವೂ ಇಂಕಿನಲ್ಲಿ, ಅಡಿಗೆರೆ ಎಳೆದು. ತಪಾಸಣೆಯ ದಿನದ ಪುಟದಲ್ಲಿ ಮಾತ್ರ ಎರಡೇ ಸಾಲು.

"ಹಿಂದುಗಡೆಯ ಗುರುತುಗಳನ್ನು ಒರೆಸಿದ್ದಾಳೆ. ಕೇಳಿದೆ, ಇಲ್ಲ ಎಂದಳು" ಎಂದು ಬರೆದಂತೆ ಮೊದಲು ಕಂಡಿತು. ಕಣ್ಣೊರೆಸಿಕೊಂಡು ಮತ್ತೆ ನೋಡಿದರೆ ಹೀಗಿತ್ತು: "ಹಿಂದುಗಡೆಯ ಗುರುತುಗಳು ಇಲ್ಲ. ಸಂಜೆ ನೋಡಿದೆ. ಅವಳನ್ನು ಕೇಳಿದ್ದೆ, ಇಲ್ಲ ಎಂದಿದ್ದಳು."

ಅದರ ಮುಂದೆ ಪುಟಗಳೆಲ್ಲ ಖಾಲಿ. ಬೈದಿಲ್ಲ, ಕ್ಷಮಿಸಿಯೂ ಇಲ್ಲ. ಅಂದೇ ಸಂಜೆ ಅವರಿಗೆ ಗೊತ್ತಾಗಿತ್ತು. ಮಾರ್ಕೆಟ್ಟಿನಲ್ಲಿ ಚೀಲ ಕೆಳಗಿಟ್ಟು ನಿಲ್ಲುತ್ತಿದ್ದದ್ದು ನಾನು ಈಗಲಾದರೂ ಹೇಳುತ್ತೇನೇನೋ ಎಂದು. ಈಗ ಹೇಳುತ್ತೇನೆಂದರೆ ಕೇಳಲು ಮೇಷ್ಟ್ರಿಲ್ಲ.

ಆ ಎರಡು ಸಾಲನ್ನು ಅವರು ಪೆನ್ಸಿಲಿನಲ್ಲಿ ಬರೆದಿದ್ದಾರೆ. ಕೀಬೋರ್ಡನ್ನೂ ನೋಟ್‌ಬುಕ್ಕನ್ನೂ ಬೀರುವಿನ ಮೇಲೆ ಇಟ್ಟಿದ್ದೇನೆ, ಧೂಳು ಕೂರುತ್ತಿದೆ. ಈ ಮನೆಯಲ್ಲಿ ನಾನು ಒರೆಸದೆ ಬಿಟ್ಟಿರುವುದು ಅವೆರಡನ್ನೇ.