ಉಮರಬ್ಬ ಕಾಕನ ಬರಿಗಾಲು

ಗಲ್ಫಿನ ಈ ಅಜೈಬಾದಲ್ಲಿ ನಮ್ಮ ಮನೆಯೆದುರು ಸಮುದ್ರಕ್ಕೆ ಮರಳು ತುಂಬಿ ಹೊಸ ನೆಲ ಮಾಡುತ್ತಿದ್ದಾರೆ. ಎರಡು ವರ್ಷದಿಂದ ಅದೇ ನಾತ. ತಳದಿಂದ ಹೀರಿ ತಂದ ಕಪ್ಪು ಕೆಸರು, ಅದರಲ್ಲಿ ಕೊಳೆತ ಮೀನು, ಅದರ ಮೇಲೆ ನೊಣ. ಮಗಳು ಮೆಲಿಸ್ಸಾಳ ಹಾಲಿನ ಬಾಟಲಿಯನ್ನು ಮೂರು ಸಲ ಕುದಿಸಿದರೂ ನನಗೆ ಸಮಾಧಾನವಿಲ್ಲ. ಕಳೆದ ಚಂಡಮಾರುತದಲ್ಲಿ ನೀರು ನಮ್ಮ ಅಡುಗೆಮನೆಗೇ ನುಗ್ಗಿತ್ತು. ಅದಕ್ಕೇ ಆ ನೆಲದ ಅಂಚಿಗೆ ಡಚ್ಚರ ನಕ್ಷೆಯಂತೆ ಕಟ್ಟುತ್ತಿರುವ ಕಲ್ಲಿನ ತಡೆಗೋಡೆ ಎಷ್ಟು ಎದ್ದಿತು ಎಂದು ದಿನಾ ಕಿಟಕಿಯಿಂದ ನೋಡುತ್ತೇನೆ.

ಆ ಗೋಡೆಯ ಫೋರ್‌ಮನ್ ಉಮರಬ್ಬ ಕಾಕ. ಉಚ್ಚಿಲದವರು, ಐವತ್ತೆಂಟು ದಾಟಿದೆ. ಊರಿನಲ್ಲಿ ಕಡಲು ತೆಂಗಿನ ಮರಗಳನ್ನು ಒಂದೊಂದಾಗಿ ನುಂಗಿದ್ದನ್ನು, ಅದನ್ನು ತಡೆಯಲು ಲಾರಿಯಿಂದ ಸುರಿದ ಕಲ್ಲು ಒಂದೇ ಮಳೆಗಾಲಕ್ಕೆ ಮರಳಿನೊಳಗೆ ಇಳಿದುಹೋದದ್ದನ್ನು ಕಂಡವರು. ನನ್ನ ಗಂಡ ಡೆಸ್ಮಂಡ್ ಅದೇ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಹಾಗಾಗಿ ಕಾಕ ಶುಕ್ರವಾರ ನಮಾಜು ಮುಗಿಸಿ ನಮ್ಮಲ್ಲಿ ಚಾ ಕುಡಿಯಲು ಬರುತ್ತಿದ್ದರು.

"ಕಲ್ಲು ಎಲ್ಲರಿಗೂ ಕಾಣ್ತದೆ ಬಾಯಮ್ಮ. ಗೋಡೆ ನಿಲ್ಲುವುದು ಅಡಿಯ ಬಟ್ಟೆಯಿಂದ."

"ಎಂತ ಬಟ್ಟೆ ಕಾಕ?"

"ಗೋಣಿಯ ಹಾಗೆ ದಪ್ಪದ್ದು. ಮರಳಿನ ಮೇಲೆ ಅದನ್ನು ಹಾಸಿ ಮತ್ತೆ ಕಲ್ಲು ಇಡುವುದು. ಅದು ಹರಿದರೆ ಅಲೆ ಒಳಗಿನ ಮರಳನ್ನೆಲ್ಲ ತಿಂತದೆ. ಹೊರಗೆ ಗೋಡೆ, ಒಳಗೆ ಪೊಳ್ಳು. ನಮ್ಮ ಮ್ಯಾನೇಜರನ ಹಾಗೆ."

ಕಲ್ಲು ಇಡುವ ಮೊದಲು, ಇಳಿತದ ಹೊತ್ತಿಗೆ, ಕಾಕ ಬೂಟು ಬಿಚ್ಚಿ ಆ ಬಟ್ಟೆಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಕೆಸರು ನೀರಿನಡಿ ಕಣ್ಣಿಗೆ ಕಾಣದ ಹರುಕು ಅಂಗಾಲಿಗೆ ಸಿಗುತ್ತಿತ್ತು. ಆದರೆ ಸೈಟಿನಲ್ಲಿ ಬೂಟು ಬಿಚ್ಚಿದರೆ ವಾರ್ನಿಂಗ್ ಲೆಟರ್. ಮೂರಾದರೆ ವೀಸಾ ಕ್ಯಾನ್ಸಲ್. ಎರಡನ್ನು ಡೆಸ್ಮಂಡನೇ ಬರೆದಿದ್ದ.

"ಕಾಕ, ಕೈ ಮುಗೀತೇನೆ, ಬೂಟು ಹಾಕ್ಕೊಳ್ಳಿ. ಇನ್ನೊಂದಾದರೆ ಖಲಾಸ್."

"ಬೂಟಿಗೆ ಕಣ್ಣಿಲ್ಲ ಸರ್."

ಮಾರ್ಚಿನಲ್ಲಿ ಡಚ್ ಇಂಜಿನಿಯರ್ ನೋಡಲು ಬರುವವನಿದ್ದ. ಮ್ಯಾನೇಜರನಿಗೆ ಅವಸರ. ಕ್ರೇನಿನವನು ಕಲ್ಲನ್ನು ಮೆಲ್ಲಗೆ ಇಡುವ ಬದಲು ಮೇಲಿನಿಂದಲೇ ಬಿಟ್ಟ. ಮರುದಿನ ಬೆಳಿಗ್ಗೆ ಕಾಕ ಬೂಟು ಬಿಚ್ಚಿ, ಆ ಕಲ್ಲುಗಳ ಅಂಚಿನಲ್ಲಿ ಇನ್ನೂ ತೆರೆದಿದ್ದ ಬಟ್ಟೆಯ ಮೇಲೆ ನಡೆದರು. ಒಂದು ಕಡೆ ಕಾಲು ಹರಡಿನವರೆಗೆ ಒಳಗೆ ಹೋಯಿತು. "ಹೊಸ ಬಟ್ಟೆ ಹಾಸುವ ತನಕ ಕಲ್ಲು ಹಾಕ್ಲಿಕ್ಕಿಲ್ಲ," ಎಂದು ಅಲ್ಲೇ ನಿಂತುಬಿಟ್ಟರು. ನೀರು ಇನ್ನಷ್ಟು ಇಳಿದು ಹರುಕು ಕಣ್ಣಿಗೇ ಕಾಣುವಂತಾಯಿತು. ಮ್ಯಾನೇಜರನಿಗೆ ಕಂಡದ್ದು ಹರುಕಲ್ಲ, ಬರಿಗಾಲು. ಡೆಸ್ಮಂಡನನ್ನು ಕರೆಸಿ ಫೋಟೋ ತೆಗೆಸಿದ. ಮಧ್ಯಾಹ್ನದೊಳಗೆ ಕಾಕನನ್ನು ಹೊರಗೆ ಹಾಕಿ ಆ ಜಾಗಕ್ಕೆಲ್ಲ ಕಲ್ಲು ಮುಚ್ಚಿದರು.

ಇದನ್ನೆಲ್ಲ ಡೆಸ್ಮಂಡ್ ಆ ರಾತ್ರಿ ಊಟಕ್ಕೆ ಕೂತು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದ. ಇನ್ನೊಂದು ಕೈಯಲ್ಲಿ ಫೋನು. ಮೂರನೆಯ ಲೆಟರಿನ ರಿಪೋರ್ಟಿಗೆ ಹಾಕುವ ಫೋಟೋವನ್ನು ಕತ್ತರಿಸುತ್ತಿದ್ದ. ಕಾಕನ ಕಾಲು, ಅದರ ಸುತ್ತ ಒಂದು ಮೊಳ ಬಾಯಿ ತೆರೆದ ಬಟ್ಟೆ.

"ಕಾಲು ಮಾತ್ರ ಇರಲಿ ಅಂದಿದ್ದಾರೆ ಮ್ಯಾನೇಜರ್."

"ಇದು ಹರಿದದ್ದಲ್ವಾ?"

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ."

ಅವನ ಎಣ್ಣೆ ಬೆರಳು, ಆ ವಾಸನೆ. ತಟ್ಟೆ ಎತ್ತಿ ಸಿಂಕಿಗೆ ಸುರಿಯಬೇಕೆನಿಸಿತು. "ಮುಂದಿನ ಸಲ ನೀರು ಬಂದರೆ ನಿನ್ನ ಮಗಳು ಯಾವ ಡಿಪಾರ್ಟ್‌ಮೆಂಟ್? ಕತ್ತರಿಸಿದರೆ ನಾಳೆಯೇ ಅವಳನ್ನು ಕರ್ಕೊಂಡು ಊರಿಗೆ ಹೋಗ್ತೇನೆ." ಅವನು ಬೈದುಕೊಂಡೇ ಇಡೀ ಫೋಟೋ ಕಳಿಸಿದ.

ಸೇಫ್ಟಿ ರಿಪೋರ್ಟು ಡಚ್ ಇಂಜಿನಿಯರನಿಗೂ ಹೋಗುತ್ತದೆ; ಅವನು ಅದನ್ನು ನೋಡಿದ. ನಲವತ್ತು ಮೀಟರ್ ಕಲ್ಲು ಎತ್ತಿಸಿ ಹೊಸ ಬಟ್ಟೆ ಹಾಸಿಸಿದ. ಕಾಕನೂ ಉಳಿದರು ಎಂದುಕೊಂಡೆ. ಪೆದ್ದಿ ನಾನು. ಹರುಕು ಹುಡುಕಿದ್ದು ಒಳ್ಳೆಯದೇ, ಆದರೆ ಬೂಟಿನ ನಿಯಮ ಬೇರೆ ಎಂದನಂತೆ ಆ ಮಹಾಶಯ. ಮೂರನೆಯ ಲೆಟರ್ ಹಾಗೇ ಉಳಿಯಿತು.

ಹೊರಡುವ ದಿನ ಕಾಕ ಹೇಳಿಹೋಗಲು ಬಂದರು. ಅವರ ದನಿ ಕೇಳಿದ್ದೇ ಡೆಸ್ಮಂಡ್ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದ. ಕಾಕ ಕೂರಲಿಲ್ಲ.

"ಆ ತುಂಡು ಗಟ್ಟಿಯಾಯ್ತು ಬಾಯಮ್ಮ," ಎಂದು, ಬಾತ್‌ರೂಮಿನ ಕಡೆಗೆ ದನಿ ಎತ್ತಿದರು: "ಸರ್, ಇನ್ನೂ ಇನ್ನೂರು ಮೀಟರ್ ಬಾಕಿ ಉಂಟು. ಯಾರ ಕಾಲಲ್ಲಿ ನೋಡ್ತೀರಿ?"

ಒಳಗೆ ನಲ್ಲಿ ಇನ್ನಷ್ಟು ಜೋರಾಯಿತು. ಕಾಕ ಮಗುವಿನ ತಲೆ ಸವರಿ ಮೆಟ್ಟಿಲಿಳಿದು ಹೋದರು.

"ಹೋದರಾ?" ಒಳಗಿನಿಂದ ಪಿಸುದನಿ.

"ಇಲ್ಲ, ಕೂತಿದ್ದಾರೆ," ಎಂದೆ.

ಅರ್ಧ ಗಂಟೆ ನಲ್ಲಿ ಸುರಿಯುತ್ತಲೇ ಇತ್ತು.